ಗುಂಡು ಹೋದ ಕಡೆಗೆ ಕಾಲು

ಮೊನ್ನೆ ರಾತ್ರಿ ಹಾಲಿನ ಲೋಟ ಹಿಡಿದು ನಿನ್ನ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದೆ. ನೀನು ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ಇರಲಿಲ್ಲ ಅನ್ನು. ಪರದೆಯ ಮೇಲೆ ಸೆಸ್ನಾ ಎಡಕ್ಕೆ ವಾಲುತ್ತಿತ್ತು, ಇತ್ತ ನೀನು ಬಲಕ್ಕೆ ವಾಲುತ್ತಿದ್ದೆ, ನಡುವೆ ಸಿಕ್ಕ ಕುರ್ಚಿ ಕಿರುಗುಟ್ಟುತ್ತಿತ್ತು. ಜಾಯ್‌ಸ್ಟಿಕ್ಕನ್ನು ಕಳ್ಳನ ಕುತ್ತಿಗೆ ಹಿಡಿದ ಹಾಗೆ ಹಿಡಿದಿದ್ದೆ. ಕೊನೆಗೆ ವಿಮಾನ ಹೊಲಕ್ಕೆ ಬಿತ್ತು. "ಈ ಸಾಫ್ಟ್‌ವೇರೇ ಸರಿಯಿಲ್ಲ" ಅಂದೆ. ನಾನು ಹಾಲು ಮೇಜಿನ ಮೇಲಿಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಅದು ಕೆನೆ ಕಟ್ಟಿಕೊಂಡು ಹಾಗೇ ಕೂತಿತ್ತು.

ಮೂವತ್ತಾರು ವರ್ಷ ಬಸ್ಸು ಓಡಿಸಿದವನು ನಾನು. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಸಿ, ಮಾರನೇ ದಿನ ಅದನ್ನೇ ಹತ್ತಿಸಿ, ಮಳೆಗಾಲ ಬೇಸಿಗೆ ಎಲ್ಲ ನೋಡಿದ್ದೇನೆ. "ಗಾಡಿ ಸರಿಯಿಲ್ಲ, ಎಡಕ್ಕೆ ಎಳೆಯುತ್ತೆ" ಅಂತ ಡಿಪೋದಲ್ಲಿ ನಾನೂ ಕೂಗಾಡಿದ್ದುಂಟು. ಮೆಕ್ಯಾನಿಕ್ಕು ಒಂದು ಸುತ್ತು ಓಡಿಸಿ ನೋಡಿ, ಏನೂ ಮಾತಾಡದೆ ಬೀಗದ ಕೈ ವಾಪಸು ಕೊಟ್ಟರೆ ಅದರ ಅರ್ಥ ಗೊತ್ತಲ್ಲ? ಎಳೆಯುತ್ತಿದ್ದವನು ನಾನೇ.

ಈ ಆಟ ನನಗೆ ಹಚ್ಚಿದವನು ನೀನೇ, ಅದನ್ನು ಮರೆತಿಲ್ಲ. ನಾಲ್ಕು ವರ್ಷದ ಹಿಂದೆ ನಿನ್ನ ಹಳೇ ಕಂಪ್ಯೂಟರ್ ನನ್ನ ಕೋಣೆಗೆ ತಂದಿಟ್ಟು, "ತಾತ, ಬಸ್ಸು ಬಿಟ್ಟೆ, ಇನ್ನು ವಿಮಾನ ಓಡಿಸು" ಅಂದೆ. ನೀನು ಮೊದಲ ದಿನವೇ ಬೋಯಿಂಗ್ 747 ಹತ್ತಿದೆ. ಎರಡನೇ ದಿನ ಯುದ್ಧವಿಮಾನ. ಮೂರನೇ ದಿನ ಅಮೆರಿಕದ ಯಾವುದೋ ಸೇತುವೆಯ ಅಡಿಯಲ್ಲಿ ನುಗ್ಗಿಸಲು ಹೋಗಿ ಕಂಬಕ್ಕೆ ಬಡಿದೆ. ನಾನು ಅವತ್ತು ಹತ್ತಿದ ಸೆಸ್ನಾ 172ರಿಂದ ಇನ್ನೂ ಇಳಿದಿಲ್ಲ. ಈಗ ನೀನು ಊರೆಲ್ಲ ಸುತ್ತಿ ಅದೇ ಸೆಸ್ನಾಕ್ಕೆ ಬಂದು, ಐದು ನಿಮಿಷ ನೇರ ಹಾರಿಸಲು ಒದ್ದಾಡುತ್ತಿದ್ದೀಯ. ನಗಬಾರದು. ಆದರೂ ಸ್ವಲ್ಪ ನಗು ಬಂತು.

ಆ ವಿಮಾನವನ್ನು ಕಡೆಗಣಿಸಬೇಡ. 1956ರಲ್ಲಿ ಮಾರಾಟಕ್ಕೆ ಬಂದದ್ದು, ಇವತ್ತಿನವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಅಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ಸಾಧು ಹಸುವಿನಂಥದ್ದು ಅಂತ ಎಲ್ಲರೂ ಹೇಳುತ್ತಾರೆ. ಸಾಧು ಹಸುವಿಗೂ ಕೆಚ್ಚಲು ಹಿಂಡುವ ರೀತಿ ಒಂದಿದೆ ಮಗಾ. ಎಳೆದಾಡಿದರೆ ಅದೂ ಒದೆಯುತ್ತದೆ.

ನೀನು ಒಂದೇ ಮಾತು ಹೇಳುತ್ತೀಯ: "ನೇರ ಹೋಗ್ತಿಲ್ಲ." ಹೊಟ್ಟೆನೋವು ಅಂತ ಬಂದವರಿಗೆ ಡಾಕ್ಟರು ಎಲ್ಲಿ ನೋವು ಅಂತ ಒತ್ತಿ ನೋಡುತ್ತಾರಲ್ಲ, ಹಾಗೆ ಒತ್ತಿ ನೋಡಬೇಕು. ಮೂಗು ಪಕ್ಕಕ್ಕೆ ತಿರುಗುವುದು ಬೇರೆ. ರೆಕ್ಕೆ ಬಾಗುವುದು ಬೇರೆ. ಮೂಗೂ ನೆಟ್ಟಗಿದ್ದು ರೆಕ್ಕೆಯೂ ಮಟ್ಟವಾಗಿದ್ದು ಇಡೀ ವಿಮಾನ ಗಾಳಿಯಲ್ಲಿ ಪಕ್ಕಕ್ಕೆ ತೇಲುವುದು ಇನ್ನೂ ಬೇರೆ. ನೀನು ಮೂರಕ್ಕೂ ಒಂದೇ ಔಷಧಿ ಕೊಡುತ್ತೀಯ. ಜಾಯ್‌ಸ್ಟಿಕ್ಕನ್ನು ಬಲಕ್ಕೆ ತಳ್ಳುವುದು.

ಮೊದಲು ಮೂಗಿನ ವಿಷಯ. ರನ್‌ವೇ ಮೇಲೆ ನಿಂತು ಥ್ರಾಟಲ್ ಪೂರ್ತಿ ಒತ್ತಿದ ಕೂಡಲೇ ಸೆಸ್ನಾ ಎಡಗಡೆಯ ಹುಲ್ಲು ಮೇಯಲು ಹೊರಡುತ್ತದೆ. ಅದು ಸಾಫ್ಟ್‌ವೇರಿನ ತಪ್ಪಲ್ಲ, ಆ ಪ್ರಾಣಿಯ ಗುಣ. ಪೈಲಟ್ಟಿನ ಸೀಟಿನಿಂದ ನೋಡಿದರೆ ಅದರ ಪ್ರೊಪೆಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದು ಬಲಕ್ಕೆ ಸುತ್ತಿದರೆ ವಿಮಾನದ ಮೈ ಎಡಕ್ಕೆ ಹೊರಳಲು ನೋಡುತ್ತದೆ, ಎಡಚಕ್ರದ ಮೇಲೆ ಭಾರ ಹೆಚ್ಚುತ್ತದೆ. ಇನ್ನು ಪ್ರೊಪೆಲರ್ ಹಿಂದಕ್ಕೆ ತಳ್ಳುವ ಗಾಳಿ ನೆಟ್ಟಗೆ ಹರಿಯುವುದಿಲ್ಲ. ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡು ಹೋಗಿ ಬಾಲದ ನಿಂತ ಹಲಗೆಗೆ ಎಡಗಡೆಯಿಂದ ಬಡಿಯುತ್ತದೆ. ಬಾಲ ಬಲಕ್ಕೆ, ಮೂಗು ಎಡಕ್ಕೆ. ಮೇಲಕ್ಕೆದ್ದು ಮೂಗೆತ್ತಿ ಏರುವಾಗ ಮೂರನೆಯದೊಂದು ಸೇರಿಕೊಳ್ಳುತ್ತದೆ. ಬಲಗಡೆ ಕೆಳಗಿಳಿಯುವ ಅಲಗು ಎಡಗಡೆ ಮೇಲೇರುವ ಅಲಗಿಗಿಂತ ಹೆಚ್ಚು ಗಾಳಿ ಕಚ್ಚುತ್ತದೆ. ಬಲಗಡೆ ಎಳೆತ ಜಾಸ್ತಿಯಾದರೆ ಮೂಗು ಎಲ್ಲಿಗೆ ಹೋಗಬೇಕು? ಎಡಕ್ಕೇ. ಇದನ್ನೇ ಪಿ-ಫ್ಯಾಕ್ಟರ್ ಅನ್ನುತ್ತಾರೆ. ಹೆಸರು ಮರೆತರೂ ಚಿಂತೆಯಿಲ್ಲ, ಬಾಲದ ರಡ್ಡರನ್ನು ತಿರುಗಿಸಿ ಮೂಗನ್ನು ಬಲಕ್ಕೆ ತರುವ ಬಲಗಾಲು ಮರೆಯಬೇಡ.

ಎಲ್ಲ ವಿಮಾನವೂ ಎಡಕ್ಕೇ ಎಳೆಯುತ್ತದೆ ಅಂತ ಮತ್ತೆ ಕಂಠಪಾಠ ಮಾಡಿಬಿಡಬೇಡ. ಟೈಗರ್ ಮಾತ್ ಎಂಬ ಹಳೆಯ ಬ್ರಿಟಿಷ್ ತರಬೇತಿ ವಿಮಾನದ ಎಂಜಿನ್ ಉಲ್ಟಾ ತಿರುಗುತ್ತದೆ, ಅದು ಬಲಕ್ಕೆ ಹೋಗುತ್ತದೆ. ಹೋದ ತಿಂಗಳು ಅದನ್ನು ಹತ್ತಿ ರೂಢಿಯ ಮೇಲೆ ಬಲಗಾಲು ಒತ್ತಿದೆ. ರನ್‌ವೇ ಬಿಟ್ಟು ಎಲ್ಲಿಗೆ ಹೋದೆ ಅಂತ ನಿನಗೆ ಹೇಳುವುದಿಲ್ಲ.

ಥ್ರಾಟಲ್ಲನ್ನು ಧಬಕ್ಕನೆ ಒತ್ತುತ್ತೀಯಲ್ಲ, ಅದು ಅರ್ಧ ತೊಂದರೆ. ಮೂರು ನಾಲ್ಕು ಎಣಿಸುವಷ್ಟು ಹೊತ್ತು ತೆಗೆದುಕೊಂಡು ತಳ್ಳು. ಎಂಜಿನ್ ದನಿ ಏರಿದಂತೆ ಬಲಗಾಲಿನ ಒತ್ತಡವೂ ಏರಲಿ. ವೇಗ ಬಂದಂತೆ ಬಾಲಕ್ಕೆ ಹಿಡಿತ ಸಿಗುತ್ತದೆ, ಆಗ ಒತ್ತಡ ಸಡಿಲಿಸು. 55 ನಾಟಿಗೆ ಮೂಗೆತ್ತು. ಮೂಗೆತ್ತಿದಾಗ ಮತ್ತೆ ಬಲಗಾಲು ಬೇಕಾಗುತ್ತದೆ. 74 ನಾಟಿನಲ್ಲಿ ಏರುತ್ತಿರುವಷ್ಟು ಹೊತ್ತೂ ಅದು ಅಲ್ಲೇ ಇರಲಿ. ಮೇಲೆ ಹೋಗಿ ಮಟ್ಟವಾಗಿ ಹಾರುವಾಗ ಕಾಲು ಹೆಚ್ಚುಕಡಿಮೆ ಬಿಡಬಹುದು, ಆ ವೇಗಕ್ಕೆ ನೆಟ್ಟಗಿರಲಿ ಅಂತಲೇ ಕಟ್ಟಿದವರು ವಿಮಾನವನ್ನು ಹದ ಮಾಡಿರುತ್ತಾರೆ. ಅದಕ್ಕೇ ಎಂಜಿನ್ ಇಳಿಸಿ ಕೆಳಗಿಳಿಯುವಾಗ ಒಮ್ಮೊಮ್ಮೆ ಎಡಗಾಲು ಕೊಂಚ ಕೇಳುತ್ತದೆ. ಅತ್ತೆ ಊರಿಗೆ ಹೋದಾಗಲೂ ಸೊಸೆ ತಲೆ ತಗ್ಗಿಸಿಕೊಂಡೇ ಇರುವ ಹಾಗೆ, ಎಳೆಯುವವರು ಹೋದ ಮೇಲೂ ತಡೆಯುವ ಅಭ್ಯಾಸ ಉಳಿದಿರುತ್ತದೆ.

ಕೆಲವು ಸಿಮ್ಯುಲೇಟರ್‌ಗಳಲ್ಲಿ, ಆ 2006ರ ಎಫ್‌ಎಸ್‌ಎಕ್ಸ್‌ನಲ್ಲಿ ಇರುವ ಹಾಗೆ, ಈ ಎಳೆತವನ್ನೆಲ್ಲ ಸೊನ್ನೆಗೆ ಇಳಿಸುವ ಅನುಕೂಲ ಇದೆ. ರಡ್ಡರನ್ನು ತಾನೇ ನೋಡಿಕೊಳ್ಳುವ ಆಟೋ-ರಡ್ಡರ್ ಕೂಡ ಇದೆ. ಬೇಡ ಅನ್ನುವುದಿಲ್ಲ. ಸೈಕಲ್ ಕಲಿಯುವಾಗ ನಿನ್ನ ಹಿಂದಿನ ಸೀಟು ಹಿಡಿದು ಓಡಿದವನು ನಾನೇ. ಹದಿನೈದು ದಿನ ಇಟ್ಟುಕೋ. ಆರು ತಿಂಗಳಾದರೂ ಬಿಡದಿದ್ದರೆ, ತಾತ ಇನ್ನೂ ಸೀಟು ಹಿಡಿದೇ ಓಡುತ್ತಿದ್ದಾನೆ ಅಂದುಕೋ. ತಾತನ ಮಂಡಿಯ ಸ್ಥಿತಿ ನಿನಗೆ ಗೊತ್ತು.

ಈಗ ಗುಂಡು. ಗುಂಡು ಅಂದೊಡನೆ ಹಲ್ಲು ಕಿಸಿಯಬೇಡ, ನಿನ್ನ ಸ್ನೇಹಿತರ ಗುಂಡಲ್ಲ. ಮುಂದಿನ ಫಲಕದಲ್ಲಿ ಬಾಗಿದ ಗಾಜಿನ ಕೊಳವೆಯೊಳಗೆ ಒಂದು ಕಪ್ಪು ಗುಂಡು ಕೂತಿರುತ್ತದೆ ನೋಡು. ನಾಲ್ಕು ವರ್ಷದಲ್ಲಿ ನೀನು ಅದನ್ನು ಒಮ್ಮೆಯಾದರೂ ನೋಡಿದ್ದೀಯೋ ಇಲ್ಲವೋ ನನಗೆ ಅನುಮಾನ. ಗಾರೆ ಕೆಲಸದವರ ರಸಮಟ್ಟದ ದಾಯಾದಿ ಅದು. ರಸಮಟ್ಟದಲ್ಲಿ ಗುಳ್ಳೆ ಎತ್ತರದ ಕಡೆಗೆ ಓಡುತ್ತದೆ, ಇಲ್ಲಿ ಗುಂಡು ಜಾರಿದ ಕಡೆಗೆ ಬೀಳುತ್ತದೆ. ವಿಮಾನದ ಮೈ ಗಾಳಿಗೆ ಓರೆಯಾಗಿ ಹೋಗುತ್ತಿದ್ದರೆ ಗುಂಡು ನಡುಗೆರೆ ಬಿಟ್ಟು ಆಚೆಗಿರುತ್ತದೆ. ಮಾಡಬೇಕಾದದ್ದು ಒಂದೇ. ಗುಂಡು ಯಾವ ಕಡೆಗೆ ಹೋಯಿತೋ ಆ ಕಡೆಯ ಕಾಲು ಒತ್ತು. ನಿಜವಾದ ವಿಮಾನದಲ್ಲಾದರೆ ಕೂತ ಜಾಗಕ್ಕೇ ಗೊತ್ತಾಗುತ್ತದೆ, ತಿರುವಿನಲ್ಲಿ ಬಸ್ಸಿನ ಪ್ರಯಾಣಿಕರು ಪಕ್ಕದವರ ಮೇಲೆ ಒರಗುವ ಹಾಗೆ ಮೈ ಜಾರುತ್ತದೆ. ನಿನ್ನ ಕುರ್ಚಿ ನೆಲಕ್ಕೆ ಅಂಟಿಕೊಂಡಿದೆ. ಅದು ಏನೂ ಹೇಳುವುದಿಲ್ಲ. ಹಾಗಾಗಿ ಮನೆಯಲ್ಲಿ ಹಾರಿಸುವವರಿಗೆ ಆ ಗುಂಡೇ ಪೃಷ್ಠ.

ಇನ್ನು ರೆಕ್ಕೆ. ಕೈಬಿಟ್ಟರೆ ಒಂದೇ ಕಡೆಗೆ ಮೆಲ್ಲಗೆ ಬಾಗುತ್ತಲೇ ಇದ್ದರೆ ಮೊದಲು ಟ್ಯಾಂಕಿನ ಮುಳ್ಳು ನೋಡು. 172ರ ಪೆಟ್ರೋಲು ಎರಡು ರೆಕ್ಕೆಗಳಲ್ಲಿರುತ್ತದೆ. 172ಎಸ್ ಮಾದರಿಯಲ್ಲಿ ಒಂದೊಂದರಲ್ಲಿ 28 ಗ್ಯಾಲನ್, ಅಂದರೆ ಸುಮಾರು 106 ಲೀಟರ್, ತೂಕ 76 ಕೆ.ಜಿ. ಒಂದು ಟ್ಯಾಂಕು ತುಂಬಿ ಇನ್ನೊಂದು ಬರಿದಾದರೆ ಒಂದು ರೆಕ್ಕೆಯ ಮೇಲೆ ನಿನ್ನ ಮಾವ ಕಾಲು ಚಾಚಿ ಮಲಗಿದ ಹಾಗೆ. ಕಾಲ ಬಳಿ ಟ್ಯಾಂಕು ಆರಿಸುವ ಒಂದು ಹಿಡಿಕೆಯಿದೆ, ಎಡ, ಬಲ, ಎರಡೂ ಅಂತ ಮೂರು ಜಾಗ. ಹಾರುವಾಗ ಸಾಮಾನ್ಯವಾಗಿ ಎರಡರಲ್ಲೂ ಇರಲಿ. ಹಾಗಿದ್ದರೂ ಕೆಲವೊಮ್ಮೆ ಒಂದು ಟ್ಯಾಂಕಿನಿಂದ ಜಾಸ್ತಿ ಎಳೆಯುತ್ತದೆ. ಆಗ ಭಾರವಾದ ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಕುಡಿಸು. ಮತ್ತೆ ವಾಪಸು ಎರಡಕ್ಕೆ ತರಲು ನೆನಪಿರಲಿ. ಮರೆತರೆ ಟ್ಯಾಂಕು ಖಾಲಿಯಾಗಿ ಎಂಜಿನ್ನೇ ನೆನಪಿಸುತ್ತದೆ.

ಭಾರದ ಪುಟವನ್ನೂ ತೆಗೆದು ನೋಡು. ಯಾರು ಎಲ್ಲಿ ಕೂತಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ. ಎಡಸೀಟಿನಲ್ಲಿ ನೀನೊಬ್ಬನೇ ಇದ್ದರೂ ಒಂದಿಷ್ಟು ಎಡಕ್ಕೆ ವಾಲು ಇದ್ದೇ ಇರುತ್ತದೆ. ಸಂತೆ ದಿನ ಫುಟ್‌ಬೋರ್ಡಿನಲ್ಲಿ ಹದಿನೈದು ಜನ ಜೋತುಬಿದ್ದ ಬಸ್ಸು ಹೇಗೆ ಹೋಗುತ್ತಿತ್ತು ಅಂತ ನನ್ನ ಭುಜಕ್ಕೆ ಇನ್ನೂ ನೆನಪಿದೆ. ಅಂಥ ವಾಲಿಗೆ ಒಂದು ಬೆರಳಿನ ಒತ್ತಡ ಸಾಕು. ಯುದ್ಧ ಬೇಕಾಗಿಲ್ಲ.

ನಿನ್ನ ಸೆಸ್ನಾ ಹೊಲಕ್ಕೆ ಬಿದ್ದ ಬಗೆ ಇದೆಯಲ್ಲ, ಅದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ. ರೆಕ್ಕೆ ಸ್ವಲ್ಪ ಬಾಗಿತು. ನೀನು ನಕ್ಷೆ ನೋಡುತ್ತಿದ್ದೆ. ಬಾಗಿದ ರೆಕ್ಕೆ ಇನ್ನಷ್ಟು ಬಾಗಿತು, ಮೂಗು ಕೆಳಗಿಳಿಯಿತು, ವೇಗ ಏರಿತು. ಎತ್ತರ ಇಳಿಯುತ್ತಿದೆ ಅಂತ ಗಾಬರಿಯಾಗಿ ಜಾಯ್‌ಸ್ಟಿಕ್ಕನ್ನು ನಿನ್ನ ಕಡೆಗೆ ಎಳೆದೆ. ರೆಕ್ಕೆ ಬಾಗಿರುವಾಗ ಎಳೆದರೆ ವಿಮಾನ ಮೇಲೇರುವುದಿಲ್ಲ, ಸುತ್ತು ಇನ್ನೂ ಬಿಗಿಯಾಗುತ್ತದೆ. ಇನ್ನೂ ಎಳೆದೆ, ಇನ್ನೂ ಬಿಗಿಯಾಯಿತು. ನಿಜ ಲೋಕದಲ್ಲಿ ಮೋಡದೊಳಗೆ ಸಿಕ್ಕವರು ಎಷ್ಟೋ ಜನ ಹೀಗೇ ಹೋಗಿದ್ದಾರೆ. ಮೊದಲು ಎಂಜಿನ್ ಇಳಿಸು, ರೆಕ್ಕೆ ಮಟ್ಟ ಮಾಡು, ಆಮೇಲೆ ಮೆಲ್ಲಗೆ ಎಳೆ. ಈ ಕ್ರಮ ಕೈಗೆ ಬರುವ ತನಕ ದಿನಾ ಹತ್ತು ಸಲ ಬೇಕೆಂದೇ ಸುರುಳಿಗೆ ಬಿದ್ದು ಏಳು. ಪೆಟ್ರೋಲಿಗೆ ದುಡ್ಡಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಇಂಥ ಸೌಕರ್ಯ ನಮ್ಮ ಕಾಲದ ಘಾಟಿ ಡ್ರೈವರುಗಳಿಗೆ ಇರಲಿಲ್ಲ.

ನಿನ್ನ ಅಜ್ಜಿ ಇದನ್ನು ಆಟ ಅನ್ನುತ್ತಾಳೆ. ಅವಳೆದುರು ನಾನೂ ಹೂಂ ಅನ್ನುತ್ತೇನೆ. ಆದರೆ ಇದರ ಮುತ್ತಾತನ ಕಥೆ ಕೇಳು. ಅಮೆರಿಕದಲ್ಲಿ ಎಡ್ವಿನ್ ಲಿಂಕ್ ಅನ್ನುವವನಿದ್ದ. ಅವನ ಅಪ್ಪನದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ಹಾರಾಟ ಕಲಿಯುವುದು ಬಹಳ ದುಬಾರಿ ಅನ್ನಿಸಿ, 1929ರ ಹೊತ್ತಿಗೆ ಆರ್ಗನ್ನಿನ ತಿದಿಗಳನ್ನೇ ಜೋಡಿಸಿ, ನೆಲದ ಮೇಲೆ ಕೂತಲ್ಲೇ ವಾಲುವ ಒಂದು ಪೆಟ್ಟಿಗೆ ವಿಮಾನ ಮಾಡಿದ. ಜನ ಜಾತ್ರೆಯ ಆಟದ ಸಾಮಾನು ಅಂತಲೇ ನೋಡಿದರು. 1934ರಲ್ಲಿ ಅಂಚೆ ಸಾಗಿಸಲು ಹೋದ ಸೈನ್ಯದ ಪೈಲಟ್ಟುಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ ಸೈನ್ಯ ಅಂಥ ಆರು ಪೆಟ್ಟಿಗೆ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜನ ಅದರಲ್ಲೇ ಕೂತು ಕಲಿತರು. ಆರ್ಗನ್ ತಿದಿಯಿಂದ ಹುಟ್ಟಿದ ವಿದ್ಯೆ ಇದು. ಅಜ್ಜಿಗೆ ಈ ಕಥೆ ಹೇಳಿ ನೋಡಿದೆ. "ಹಾಗಾದರೆ ಅದರಲ್ಲಿ ಒಂದು ದೇವರನಾಮವನ್ನಾದರೂ ನುಡಿಸಿ" ಅಂದಳು.

ನಿನಗೆ ಬಹಳ ಅಗತ್ಯವಾದದ್ದು ಟ್ರಿಮ್. ಅದು ಮೂಗನ್ನು ಮೇಲೆ ಕೆಳಗೆ ಮಾಡುವುದಕ್ಕೆ, ಎಡಬಲಕ್ಕೆ ಅದರಿಂದೇನು ಅಂತ ಕೇಳುತ್ತೀಯ. ಗೊತ್ತು. ನಿನ್ನ ಕೈ ನೋಡಿ ಹೇಳುತ್ತೇನೆ. ಟ್ರಿಮ್ ಮಾಡದೆ ಇದ್ದರೆ ಎತ್ತರ ಉಳಿಸಿಕೊಳ್ಳಲು ಸದಾ ಎಳೆಯುತ್ತಿರಬೇಕು. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ನಿಂತು ನೋಡು, ಐದು ನಿಮಿಷಕ್ಕೆ ಕೈ ತನಗೆ ತಾನೇ ಒಂದು ಕಡೆಗೆ ಓಲುತ್ತದೆ. ನಿನ್ನ ಕೈಯೂ ಹಾಗೇ ಎಡಕ್ಕೆ ಸೋರುತ್ತಿದೆ. ದಿಕ್ಕು ತಪ್ಪುವುದಕ್ಕೆ ಕಾರಣ ಎತ್ತರದ ಭಾರ.

ಅದಕ್ಕೊಂದು ಕ್ರಮವಿದೆ. ಮೊದಲು ಮೂಗನ್ನು ಬೇಕಾದ ಜಾಗದಲ್ಲಿ ಹಿಡಿ. ಆಮೇಲೆ ಎಂಜಿನ್ ಹೊಂದಿಸು. ವೇಗ ನಿಲ್ಲುವ ತನಕ ಕಾಯಿ. ಕಾಯುವುದು ಅಂದೆ, ಕೇಳಿಸಿತಾ? ಆಮೇಲೆ ಟ್ರಿಮ್ ಚಕ್ರ. ಕಾಯದೆ ಚಕ್ರ ತಿರುಗಿಸಿದರೆ ವಿಮಾನ ಏರುತ್ತೆ ಇಳಿಯುತ್ತೆ ಏರುತ್ತೆ ಇಳಿಯುತ್ತೆ, ನೀನು ಅದರ ಬೆನ್ನು ಹತ್ತಿ ಓಡುತ್ತಾ ಇರುತ್ತೀಯ.

ಇಲ್ಲಿ ನಮ್ಮ ಮನೆ ಯಂತ್ರದ ಒಂದು ಕುಂಟುತನವೂ ಇದೆ. ನಿಜವಾದ ಸೆಸ್ನಾದಲ್ಲಿ ಟ್ರಿಮ್ ಮಾಡುತ್ತಾ ಹೋದಂತೆ ಕೈಗೆ ಭಾರ ಇಳಿಯುತ್ತದೆ, ಹಿಡಿಕೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ನಿನ್ನ ಜಾಯ್‌ಸ್ಟಿಕ್ಕಿನ ಸ್ಪ್ರಿಂಗಿಗೆ ಟ್ರಿಮ್ ಎಂದರೆ ಏನೂ ಗೊತ್ತಿಲ್ಲ, ಅದು ಯಾವಾಗಲೂ ನಡುವಿಗೇ ಎಳೆಯುತ್ತದೆ. ಹಾಗಾಗಿ ಟ್ರಿಮ್ ಒಂದು ಚೂರು ತಿರುಗಿಸಿದರೆ ಕೈಯನ್ನೂ ಒಂದು ಚೂರು ನಡುವಿನ ಕಡೆಗೆ ಬಿಡಬೇಕು. ಚೂರು ಚೂರಾಗಿ, ಭಾರವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಇಳಿಸಿದ ಹಾಗೆ. ಕೊನೆಗೆ ಸ್ಟಿಕ್ ನಡುವಿನಲ್ಲಿ, ಕೈ ತೊಡೆಯ ಮೇಲೆ, ವಿಮಾನ ತನ್ನ ಪಾಡಿಗೆ. ನಾನು ಇದನ್ನು ಸರಿಯಾಗಿ ಕಲಿಯಲು ಒಂದು ಮಳೆಗಾಲ ಹಿಡಿಯಿತು.

ಈಗ ನನ್ನ ಮಾನ ಹೋದ ಕಥೆ. ಎರಡು ವರ್ಷದ ಹಿಂದೆ ನನ್ನ ಸೆಸ್ನಾ ಎಡಕ್ಕೆ ಎಳೆಯಲು ಶುರುವಾಯಿತು. ಟ್ಯಾಂಕು ನೋಡಿದೆ, ಸರಿಯಿತ್ತು. ಗಾಳಿ ನಿಲ್ಲಿಸಿ ನೋಡಿದೆ, ಆಗಲೂ ಎಡಕ್ಕೇ. ವಿಮಾನ ಅಳಿಸಿ ಮತ್ತೆ ಹಾಕಿದೆ. ನಾಲ್ಕು ಸಂಜೆ ಹೋಯಿತು. ನಿನ್ನನ್ನು ಕೇಳಲು ಮನಸ್ಸು ಬರಲಿಲ್ಲ. ನಾಲ್ಕನೇ ಸಂಜೆ ಅಜ್ಜಿ ಕಾಫಿ ತಂದಿಟ್ಟು, ಕನ್ನಡಕ ಏರಿಸಿ ನೋಡಿ, "ಕೈ ಯಾಕೆ ಹಾಗೆ ತಿರುಚಿಕೊಂಡಿದ್ದೀರಿ?" ಅಂದಳು. ಆ ಜಾಯ್‌ಸ್ಟಿಕ್ಕಿನಲ್ಲಿ ರಡ್ಡರಿಗೆ ಬೇರೆ ಪೆಡಲ್ ಇಲ್ಲ, ಹಿಡಿಯನ್ನೇ ತಿರುಚಬೇಕು. ಮಂಡಿನೋವಿಗೆ ಕುರ್ಚಿಯನ್ನು ಓರೆ ಮಾಡಿಕೊಂಡಿದ್ದೆ. ಮೊಣಕೈ ಹೊರಗೆ ಹೋಗಿ ಮಣಿಕಟ್ಟು ಒಂದಿಷ್ಟು ಎಡಕ್ಕೆ ತಿರುಗಿಕೊಂಡು, ನಾಲ್ಕು ದಿನ ನಾನೇ ಎಡ ರಡ್ಡರ್ ಒತ್ತಿ ಹಿಡಿದಿದ್ದೆ. ಕುರ್ಚಿ ಸರಿಪಡಿಸಿದೆ, ವಿಮಾನ ನೆಟ್ಟಗಾಯಿತು. ಅಜ್ಜಿ ಇವತ್ತಿಗೂ ಮನೆಗೆ ಬಂದವರಿಗೆಲ್ಲ "ನಮ್ಮನೆಯವರ ವಿಮಾನ ರಿಪೇರಿ ಮಾಡಿದ್ದು ನಾನು" ಅನ್ನುತ್ತಾಳೆ.

ಹಾಗಾಗಿ ಸಾಫ್ಟ್‌ವೇರಿಗೆ ಬೈಯುವ ಮೊದಲು ಸೆಟ್ಟಿಂಗ್ ಪುಟ ತೆಗೆ. ಕೈಬಿಟ್ಟು ಸುಮ್ಮನೆ ನೋಡು. ಯಾರೂ ಮುಟ್ಟದೆ ಜಾಯ್‌ಸ್ಟಿಕ್ಕಿನ ಸ್ಥಾನ ತೋರಿಸುವ ಗೆರೆ ನಡುಗುತ್ತಿದ್ದರೆ, ನಡುವಿನಿಂದ ಅತ್ತಿತ್ತ ನಿಂತಿದ್ದರೆ, ಕ್ಯಾಲಿಬ್ರೇಟ್ ಮಾಡಬೇಕು, ಇಲ್ಲವೇ ಒಳಗೆ ದೂಳು ಸೇರಿ ಸವೆದಿದೆ. ಅದಕ್ಕೆ ಡೆಡ್‌ಝೋನ್ ಸ್ವಲ್ಪ ಕೊಡು. ಬಸ್ಸಿನವರು ಸ್ಟೇರಿಂಗಿನಲ್ಲಿ ಪ್ಲೇ ಇದೆ ಅನ್ನುತ್ತೇವಲ್ಲ, ಅದೇ. ಒಂದಿಷ್ಟು ಇದ್ದರೆ ಕೈ ನಡುಕ ಚಕ್ರಕ್ಕೆ ಮುಟ್ಟುವುದಿಲ್ಲ. ಜಾಸ್ತಿಯಾದರೆ ತಿರುಗಿಸಿದರೂ ಗಾಡಿ ಕೇಳುವುದಿಲ್ಲ, ಕೇಳುವ ಹೊತ್ತಿಗೆ ಮೋರಿಯಲ್ಲಿರುತ್ತೀಯ. ನೀನು ಹೊಸದಾಗಿ ಪೆಡಲ್ ತಂದೆಯಲ್ಲ, ಹಳೇ ಜಾಯ್‌ಸ್ಟಿಕ್ಕಿನ ತಿರುಚು-ರಡ್ಡರನ್ನು ತೆಗೆದು ಹಾಕಿದೆಯಾ? ಹಾಕಿರುವುದಿಲ್ಲ. ಒಂದೇ ರಡ್ಡರಿಗೆ ಇಬ್ಬರು ಯಜಮಾನರು ಇದ್ದರೆ ಅದು ಯಾರ ಮಾತು ಕೇಳಬೇಕು?

ಕಂಪ್ಯೂಟರಿಗೆ ಮೀರಿದ ಚಿತ್ರದ ಸೊಗಸನ್ನು ಕೇಳಿದ್ದೀಯ, ಅದೂ ಒಂದು ಕಾರಣ. ಮರದ ಎಲೆ ಎಲೆ ಕಾಣಬೇಕು ನಿನಗೆ. ಚಿತ್ರ ತಡವರಿಸುತ್ತದೆ. ನೀನು ಕೈ ಆಡಿಸಿದ್ದು ಕಣ್ಣಿಗೆ ಬರುವುದು ತಡ. ಏನೂ ಆಗಲಿಲ್ಲ ಅಂತ ಇನ್ನಷ್ಟು ತಳ್ಳುತ್ತೀಯ, ಎರಡೂ ಒಟ್ಟಿಗೆ ಬರುತ್ತವೆ, ಮತ್ತೆ ಆಚೆಗೆ ತಳ್ಳುತ್ತೀಯ. ವಿಮಾನ ಕುಡಿದವನ ಹಾಗೆ ತೂರಾಡುತ್ತದೆ. ಎಲೆ ಕಡಿಮೆ ಮಾಡು ಮಾರಾಯ. ಮರ ಮರದ ಹಾಗೆ ಕಂಡರೆ ಸಾಕು.

ಕಣ್ಣು ಎಲ್ಲಿಡಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಬಸ್ಸಲ್ಲ, ನಮ್ಮಪ್ಪ. ಹತ್ತು ವರ್ಷದವನಿದ್ದಾಗ ನೇಗಿಲ ಮೇಣಿ ಕೈಗೆ ಕೊಟ್ಟರು. ಸಾಲು ಹಾವಿನ ಹಾಗೆ ಬಂತು. ನಾನು ಎತ್ತಿನ ಕಾಲು ನೋಡುತ್ತಿದ್ದೆ. "ಆ ಬದುವಿನ ಹೊಂಗೆಮರ ನೋಡು, ನೇಗಿಲು ನೋಡಬೇಡ" ಅಂದರು. ಮುಂದಿನ ಸಾಲು ನೆಟ್ಟಗೆ ಬಂತು ಅಂತ ಸುಳ್ಳು ಹೇಳುವುದಿಲ್ಲ, ಹಾವು ಸ್ವಲ್ಪ ಸೋಮಾರಿಯಾಯಿತು ಅಷ್ಟೆ. ನೀನು ಫಲಕದ ಮುಳ್ಳುಗಳನ್ನೇ ನೋಡುತ್ತೀಯ. ಮುಳ್ಳು ಹೇಳುವುದು ಆಗಿಹೋದ ಸಂಗತಿ. ದೂರದಲ್ಲಿ ಒಂದು ಗುಡ್ಡವನ್ನೋ ಕೆರೆಯನ್ನೋ ಹಿಡಿದುಕೋ. ಒಂದು ಎಚ್ಚರ: ನೀನು ಕೂತಿರುವುದು ಎಡಸೀಟಿನಲ್ಲಿ. ನಿನ್ನ ಕಣ್ಣಿಗೆ ನೇರ ಮುಂದಿರುವ ಜಾಗವೇ ನೇರ, ಮೂಗಿನ ತುದಿಯಲ್ಲ. ಮೂಗಿನ ತುದಿಯನ್ನು ಗುಡ್ಡಕ್ಕೆ ಹೊಂದಿಸಿದರೆ ನೀನು ಎಡಕ್ಕೆ ಹೊರಟೆ ಅಂತಲೇ ಲೆಕ್ಕ. ಬಸ್ಸಿನ ಬಲಸೀಟಿನಲ್ಲಿ ಮೂವತ್ತಾರು ವರ್ಷ ಕೂತವನಿಗೆ ಇದು ಕನ್ನಡಿಯಲ್ಲಿ ಕ್ಷೌರ ಮಾಡಿಕೊಂಡ ಹಾಗೆ ಉಲ್ಟಾ ಅನ್ನಿಸಿತ್ತು.

ಆಟೋಪೈಲಟ್ ಇದೆಯಲ್ಲ ಅನ್ನುತ್ತೀಯ. ಇದೆ. ಹೊಸದೇನಲ್ಲ. 1914ರಲ್ಲೇ ಪ್ಯಾರಿಸ್ ಹತ್ತಿರ ಲಾರೆನ್ಸ್ ಸ್ಪೆರಿ ಎಂಬ ಹುಡುಗ ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿ ತೋರಿಸಿದ, ಅವನ ಮೆಕ್ಯಾನಿಕ್ಕು ರೆಕ್ಕೆಯ ಮೇಲೆ ನಡೆದರೂ ಅದು ಮಟ್ಟವಾಗಿಯೇ ಇತ್ತು. ಆದರೆ ಆಟೋಪೈಲಟ್ ಒಳ್ಳೆಯ ಕೆಲಸದವನ ಹಾಗೆ ನಿನ್ನ ತಪ್ಪನ್ನು ಮುಚ್ಚಿಡುತ್ತದೆ. ಒಂದು ಟ್ಯಾಂಕು ಭಾರವಾಗುತ್ತಾ ಹೋಗುತ್ತದೆ, ಅದು ತೆಪ್ಪಗೆ ರೆಕ್ಕೆ ಬಾಗಿಸುವ ಐಲೆರಾನ್ ಒತ್ತಿ ಹಿಡಿದಿರುತ್ತದೆ. ಇಳಿಯುವ ಹೊತ್ತಿಗೆ ನೀನು ಅದನ್ನು ಆರಿಸುತ್ತೀಯ. ಅಷ್ಟು ಹೊತ್ತು ತಡೆದದ್ದೆಲ್ಲ ಒಂದೇ ಸಲ ನಿನ್ನ ಕೈಗೆ ಬರುತ್ತದೆ, ನೆಲ ಹತ್ತಿರವಿರುವಾಗ.

ಉಳಿದದ್ದು ಗಾಳಿ. ಇದಕ್ಕೆ ಭಾನುವಾರ ಬೆಳಿಗ್ಗೆ ನನ್ನ ಜೊತೆ ಕೂತುಕೋ. ಮೈಸೂರಿನ ಮಂಡಕಳ್ಳಿಯಿಂದ ಹೊರಟು ಬೆಂಗಳೂರಿನ ಜಕ್ಕೂರಿಗೆ. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಬಿಡುವಾಗ ಅಲ್ಲಿನ ತರಬೇತಿ ವಿಮಾನಗಳು ತಲೆಯ ಮೇಲೆ ಇಳಿಯುವುದನ್ನು ನೋಡಿ ನೋಡಿ ಆಸೆಪಟ್ಟವನು ನಾನು. ನೇರ ದಾರಿ 75 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 140 ಕಿ.ಮೀ. ಹತ್ತಿರ. ದಿಕ್ಕು ಈಶಾನ್ಯ, ಸುಮಾರು 47 ಡಿಗ್ರಿ. ಪೈಲಟ್ಟುಗಳದು ಒಂದು ಬಾಯಿಲೆಕ್ಕ ಇದೆ: 1 ಡಿಗ್ರಿ ತಪ್ಪಿದರೆ 60 ಮೈಲಿಗೆ 1 ಮೈಲಿ ಆಚೆ. 5 ಡಿಗ್ರಿ ಅಸಡ್ಡೆ ಮಾಡಿದರೆ ಜಕ್ಕೂರು ನಿನಗೆ ಸುಮಾರು 12 ಕಿ.ಮೀ. ದೂರದಲ್ಲಿ ತಪ್ಪಿಹೋಗುತ್ತದೆ.

ಆಷಾಢದ ಪಡುವಣ ಗಾಳಿ 20 ನಾಟಿನಲ್ಲಿ ಬೀಸುತ್ತಿದೆ ಅಂದುಕೋ, ನೀನು 110 ನಾಟಿನಲ್ಲಿ ಹಾರುತ್ತಿದ್ದೀಯ. ರೆಕ್ಕೆ ಮಟ್ಟ, ಗುಂಡು ನಡುವಿನಲ್ಲಿ, ಮೂಗು 47ಕ್ಕೆ, ಎಲ್ಲ ಸರಿ. ಆದರೂ ಗಾಳಿ ಹಿಂದಿನ ಎಡಗಡೆಯಿಂದ ನಿನ್ನನ್ನು ಬಲಕ್ಕೆ ತೇಲಿಸುತ್ತಿರುತ್ತದೆ. ಮುಕ್ಕಾಲು ಗಂಟೆ ತುಂಬುವ ಮೊದಲೇ ಜಕ್ಕೂರಿಗೆ ಹೊರಟವನು ಮಾರತಹಳ್ಳಿಯ ಮೇಲಿರುತ್ತೀಯ. ಅಲ್ಲಿಂದ ಜಕ್ಕೂರಿಗೆ ರಸ್ತೆಯಲ್ಲಿ ಬರಲು ಎಷ್ಟು ಹೊತ್ತು ಬೇಕು ಅಂತ ನಿನ್ನಮ್ಮನನ್ನು ಕೇಳು. ಇದಕ್ಕೆ ರಡ್ಡರ್ ಒತ್ತಿ ಹಿಡಿಯುವುದು ಔಷಧಿಯಲ್ಲ, ರೆಕ್ಕೆ ಬಾಗಿಸಿ ಹಿಡಿಯುವುದೂ ಅಲ್ಲ. ಮೂಗನ್ನು 7 ಡಿಗ್ರಿ ಎಡಕ್ಕೆ, 40ಕ್ಕೆ ಇಟ್ಟು ಸುಮ್ಮನಿರಬೇಕು. ಹೊಳೆ ದಾಟುವ ತೆಪ್ಪದವನು ಎದುರಿನ ಕಲ್ಲಿಗಿಂತ ಮೇಲಕ್ಕೆ ಗುರಿಯಿಟ್ಟು ಹುಟ್ಟು ಹಾಕುತ್ತಾನಲ್ಲ, ಹಾಗೆ. ಓರೆಯಾಗಿ ನೋಡುತ್ತಾ ನೇರ ಹೋಗುವುದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ.

ದಿಕ್ಕು ತೋರಿಸುವ ಗೈರೋ ಚಕ್ರವನ್ನೂ ಪೂರ್ತಿ ನಂಬಬೇಡ, ಅದು ತಾನಾಗಿ ಮೆಲ್ಲಗೆ ಜಾರುತ್ತದೆ. ಕಾಲು ಗಂಟೆಗೊಮ್ಮೆ ಮಟ್ಟವಾಗಿ ಹಾರುತ್ತಿರುವಾಗ ದಿಕ್ಸೂಚಿ ನೋಡಿ ಸರಿಪಡಿಸು. ತಿರುವಿನಲ್ಲಿ ದಿಕ್ಸೂಚಿಯೇ ಸುಳ್ಳು ಹೇಳುತ್ತದೆ, ಆಗ ಕೇಳಲು ಹೋಗಬೇಡ.

ಹೊರಟು ಕಾಲು ಗಂಟೆಗೆ ಮದ್ದೂರು ಬರಬೇಕು. ನಮ್ಮ ಗೆರೆ ಸರಿಯಾಗಿ ಅದರ ಮೇಲೇ ಹೋಗುತ್ತದೆ, ಶಿಂಷಾ ಹೊಳೆ ನೋಡಿ ಗುರುತು ಹಿಡಿ. ಅಲ್ಲಿಯವರೆಗೆ ನಾನು ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನೀನು ಆಟೋಪೈಲಟ್ ಮುಟ್ಟುವ ಹಾಗಿಲ್ಲ, ನಕ್ಷೆಯ ಮೇಲಿನ ಪುಟ್ಟ ವಿಮಾನದ ಚಿತ್ರ ನೋಡುವ ಹಾಗಿಲ್ಲ, ಕುರ್ಚಿಯಲ್ಲಿ ವಾಲುವ ಹಾಗಿಲ್ಲ. ಮದ್ದೂರು ನೇರ ಕಾಲ ಕೆಳಗೆ ಬಂದರೆ ಸಂಜೆಯ ವಡೆ ನನ್ನ ಲೆಕ್ಕ. ಆರು ಕಿಲೋಮೀಟರ್ ಎಡಕ್ಕೆ ಕಂಡರೆ ಗಾಳಿಯನ್ನು ಮರೆತಿದ್ದೀಯ, ನಿನ್ನ ಲೆಕ್ಕ. ಬಲಕ್ಕೆ ಕಂಡರೆ ಗಾಳಿಗೆ ವಿಪರೀತ ಹೆದರಿದ್ದೀಯ, ಅದೂ ನಿನ್ನ ಲೆಕ್ಕವೇ. ಅಜ್ಜಿಗೆ ಎರಡು ಹೆಚ್ಚಿಗೆ ಕಟ್ಟಿಸು, ಚಟ್ನಿ ಬೇರೆ ಪೊಟ್ಟಣದಲ್ಲಿ.